ಮೂರನೇ ತೋಳಿನ ತಂತಿ

ಫೆಬ್ರವರಿ 4

ಅಕ್ಕನಿಗೆ,

ಪೆಟ್ಟಿಗೆ ಸೇರಿತು. ಕೇಬಲ್‌ಗಳ ಮೇಲೆ ಹೊದಿಸಿದ್ದ ಹಳೇ ಟವೆಲ್ಲೂ ಸೇರಿತು. ಅದನ್ನು ನಾನೇ ಇಟ್ಟುಕೊಂಡಿದ್ದೇನೆ, ವಾಪಸ್ ಕೇಳಬೇಡ. ಅಪ್ಪನಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವಾದ್ದರಿಂದ ಇನ್ನು ಮೇಲೆ ಖಾಲಿ ಪೆಟ್ಟಿಗೆ ನಿನ್ನ ಕಡೆ ಹೊರಡುವಾಗಲೆಲ್ಲ ಒಳಗೊಂದು ಕಾಗದ ಇಟ್ಟಿರುತ್ತೇನೆ. ಅವರಿಗೆ ಓದಲು ಕೊಡು. ನಾವಿಬ್ಬರು ಫೋನು ಹಿಡಿದರಂತೂ ಎರಡನೇ ಮಾತಿಗೆ ಜಗಳ ಶುರು, ಹಾಗಾಗಿ ನಮಗೂ ಕಾಗದವೇ ವಾಸಿ.

ಇದು ಗಾಜಿನ ಜಾಡಿ ಮಾಡುವ ಕಾರ್ಖಾನೆ. ನಾಲ್ಕು ರೋಬೋಟ್ ತೋಳುಗಳು ಸಾಲಾಗಿ ನಿಂತು ಜಾಡಿ ತುಂಬಿದ ಕ್ರೇಟುಗಳನ್ನು ಎತ್ತಿ ಜೋಡಿಸುತ್ತವೆ. ನಮ್ಮ ಕಂಪನಿಯಲ್ಲಿ ನೀನು ಬೆಂಚಿನ ಮೇಲೆ ಮಾಡಿದ ಕೇಬಲ್‌ಗಳನ್ನು ಅವುಗಳ ಮೈಯೊಳಗೆ ಎಳೆದು, ಅವು ಹೇಳಿದ ಮಾತು ಕೇಳುವಂತೆ ಮಾಡುವುದು ನನ್ನ ಕೆಲಸ. ಮೂರನೇ ತೋಳಿಗೆ ಇಲ್ಲಿಯವರು ಸೋಮಾರಿ ಎಂದು ಹೆಸರಿಟ್ಟಿದ್ದಾರೆ. ನಿನ್ನೆ ಅದು ಮೊಣಕೈ ಮಡಚಿದ್ದೇ ತಡ, ನಿಂತುಬಿಟ್ಟಿತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ, ಸರಿಹೋಯಿತು.

ನಿನ್ನ ಕ್ರಿಂಪ್ ಬಗ್ಗೆ ನನಗೆ ಮೊದಲಿಂದಲೂ ಗುಮಾನಿಯೇ. ಒಂದು ಹನಿ ಬೆಸುಗೆ ಇಲ್ಲದೆ, ಬರೀ ಇಕ್ಕಳದಲ್ಲಿ ಒತ್ತಿ ಕೂರಿಸಿದ ಲೋಹದ ತುದಿ, ಅಂದರೆ ಟರ್ಮಿನಲ್ಲು, ತಂತಿಯನ್ನು ಎಷ್ಟು ದಿನ ಹಿಡಿದುಕೊಂಡಿರುತ್ತದೆ? ಅದು ಕೈಬಿಟ್ಟ ದಿನ ಕ್ರೇಟು ಬೀಳುವುದು ನನ್ನ ತಲೆಯ ಮೇಲೆ, ನಿನ್ನ ಬೆಂಚಿನ ಮೇಲಲ್ಲ. ಅಪ್ಪ, ನಿಮ್ಮ ದೊಡ್ಡ ಮಗಳಿಗೆ ಸ್ವಲ್ಪ ಬೆಸುಗೆ ಕಲಿಸಿ. ನೀವು ಕೊಟ್ಟ ಸೋಲ್ಡರಿಂಗ್ ಐರನ್ನೂ ಬೆಸುಗೆಗೆ ಹಚ್ಚುವ ರಾಳದ ಡಬ್ಬಿಯೂ ನನ್ನ ಹತ್ತಿರ ಭದ್ರವಾಗಿವೆ.

ನಿಮ್ಮ ಚಿನಕುರಳಿ

ಫೆಬ್ರವರಿ 12

ಚಿನಕುರಳಿಗೆ,

ನಿನ್ನ ಕಾಗದವನ್ನು ಅಪ್ಪ ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನನಗಂತೂ ಒಂದು ಸಲಕ್ಕೇ ಸಾಕಾಯಿತು.

ಬೆಸುಗೆ ಒಳ್ಳೆಯದೇ, ಯಾರು ಬೇಡ ಅಂದರು? ಅಪ್ಪ ಬೆಸೆದ ರೇಡಿಯೋಗಳು ಇವತ್ತಿಗೂ ಹಾಡುತ್ತಿವೆ. ಆದರೆ ರೇಡಿಯೋದೊಳಗಿನ ತಂತಿ ಇದ್ದಲ್ಲೇ ಇರುತ್ತದೆ. ನಿನ್ನ ಸೋಮಾರಿಯ ಮೊಣಕೈ ದಿನವಿಡೀ ಬಾಗುತ್ತದೆ. ಬೆಸುಗೆ ಕರಗಿದಾಗ ದೀಪದ ಬತ್ತಿಗೆ ಎಣ್ಣೆ ಏರುವಂತೆ ತಂತಿಯ ಎಳೆಗಳೊಳಗೆ ಏರುತ್ತದೆ. ಏರಿದಷ್ಟು ಉದ್ದ ತಂತಿ ಕಡ್ಡಿಯಾಗುತ್ತದೆ. ಬಾಗುವ ಜಾಗದಲ್ಲಿ ಕಡ್ಡಿಗೇನು ಕೆಲಸ? ಸರಿಯಾದ ಇಕ್ಕಳದಲ್ಲಿ ಸರಿಯಾಗಿ ಒತ್ತಿದರೆ ತಾಮ್ರದ ಎಳೆಗಳೂ ಟರ್ಮಿನಲ್ಲೂ ಒಂದೇ ಲೋಹದ ಹಾಗೆ ಕೂಡಿಕೊಳ್ಳುತ್ತವೆ. ನಾನು ಒತ್ತಿದ ಪ್ರತಿಯೊಂದನ್ನೂ ಎಳೆದು ನೋಡಿಯೇ ಮುಂದೆ ಸಾಗಿಸುವುದು.

ಈಗ ನನ್ನದೊಂದು ಪ್ರಶ್ನೆ. ಕೇಬಲ್ ತುದಿಯ ಕನೆಕ್ಟರನ್ನು ಟಿಕ್ ಅನ್ನುವವರೆಗೆ ಒತ್ತಿದ್ದೆಯಾ? ಕಿತ್ತು ಹಾಕಿದ್ದಕ್ಕೆ ಸರಿಹೋಯಿತು ಅಂದರೆ ನನಗೆ ಅಲ್ಲೇ ಅನುಮಾನ.

ಇಲ್ಲಿ ಆರ್ಡರು ಎರಡು ಪಟ್ಟು ಬಂದು ಕೆಲಸ ಕುತ್ತಿಗೆಗೆ ಬಂದಿದೆ. ಆದರೂ ನಾಲ್ಕೂ ತೋಳುಗಳ ಮೊಣಕೈಗೆ ಹೊಸ ಕೇಬಲ್ ಮಾಡಿ ಹತ್ತು ದಿನದಲ್ಲಿ ಕಳಿಸುತ್ತೇನೆ. ನಿನ್ನ ತಲೆ ಕಾಯುವುದು ನನ್ನ ಕೆಲಸವೇ ತಾನೆ?

ಅಕ್ಕ

ಮಾರ್ಚ್ 3

ಅಕ್ಕನಿಗೆ,

ಹೊಸ ಕೇಬಲ್ ಹಾಕಿದೆ. ಹಳೆಯದೇ ವಾಸಿ ಇತ್ತು.

ಸೋಮಾರಿ ಮೊದಲು ಒಂದೇ ಸಲ ನಿಂತಿತ್ತು, ಈಗ ದಿನಾ ನಿಲ್ಲುತ್ತದೆ. ಎರಡನೇ ತೋಳೂ ಅದರಿಂದ ಕಲಿತುಕೊಂಡಿದೆ. ತೋಳು ನೆಟ್ಟಗಿರುವಾಗ ಮಲ್ಟಿಮೀಟರ್ ಇಟ್ಟರೆ ಪೀಂ ಎಂದು ಕೂಗುತ್ತದೆ, ಎಲ್ಲ ಸರಿ. ಮೊಣಕೈ ಮಡಚಿದರೆ ಗಪ್‌ಚುಪ್. ಒಂದನ್ನು ಹೊರತೆಗೆದು ಬೆರಳಲ್ಲಿ ಒತ್ತುತ್ತಾ ಹೋದೆ. ಟರ್ಮಿನಲ್ಲಿನಿಂದ ಉಗುರಿನಷ್ಟು ಹಿಂದೆ, ಪ್ಲಾಸ್ಟಿಕ್ ಹೊದಿಕೆಯ ಒಳಗೇ ತಂತಿ ತುಂಡಾಗಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನೀನು ಸಿಪ್ಪೆ ಬಿಡಿಸುವ ಇಕ್ಕಳದ ಅಲುಗು ಸವೆದು ತಾಮ್ರದ ಎಳೆಗಳನ್ನೇ ಗೀರುತ್ತಿದೆ ಎಂದು ನನ್ನ ಲೆಕ್ಕ. ಕೆಲಸ ಕುತ್ತಿಗೆಗೆ ಬಂದಿದೆ ಅಂದೆಯಲ್ಲ, ಗಡಿಬಿಡಿಯಲ್ಲಿ ನೋಡಿರಲಿಕ್ಕಿಲ್ಲ. ಅಲುಗು ಬದಲಿಸು. ಇದನ್ನು ನಮ್ಮ ಮ್ಯಾನೇಜರಿಗೆ ಹೇಳುವ ಮುಂಚೆ ನಿನಗೆ ಹೇಳುತ್ತಿದ್ದೇನೆ, ನೆನಪಿರಲಿ.

ಚಿ.

ಮಾರ್ಚ್ 10

ಚಿನಕುರಳಿಗೆ,

ನಿನ್ನ ಕಾಗದವನ್ನು ಅಪ್ಪನಿಗೆ ಕೊಡಲಿಲ್ಲ. ಕೇಬಲ್ ಹೇಗಿದೆಯಂತೆ ಎಂದು ಕೇಳಿದರು. ಚೆನ್ನಾಗಿದೆಯಂತೆ ಎಂದೆ. ನಿನಗಾಗಿ ಇಷ್ಟು ಸುಳ್ಳು ಹೇಳಿದ್ದು ಸಾಕು.

ಅಲುಗನ್ನು ಭೂತಗನ್ನಡಿಯಲ್ಲಿ ನೋಡಿದೆ. ಬೆಂಚಿನ ಇನ್ನಿಬ್ಬರಿಂದಲೂ ನೋಡಿಸಿದೆ. ಒಂದು ಎಳೆಯ ಮೇಲೂ ಗೀರಿಲ್ಲ. ಇದೇ ಬೆಂಚಿನಿಂದ ಬೇರೆ ಮೂರು ಕಾರ್ಖಾನೆಗಳಿಗೂ ಕೇಬಲ್ ಹೋಗಿದೆ, ಅಲ್ಲಿ ಯಾವ ತೋಳೂ ಮುಷ್ಕರ ಹೂಡಿಲ್ಲ. ನಿನ್ನ ಕಡೆ ಮಾತ್ರ ಯಾಕೆ? ಕೇಬಲ್‌ಗೆ ಮಡಚಿಕೊಳ್ಳಲು ಸಡಿಲ ಬಿಟ್ಟಿದ್ದೀಯಾ, ಅಥವಾ ಚೆಂದ ಕಾಣಲಿ ಎಂದು ಪ್ಲಾಸ್ಟಿಕ್ ಟೈ ಹಾಕಿ ಬಿಗಿದು ಕಟ್ಟಿದ್ದೀಯಾ? ಚಿಕ್ಕವಳಿದ್ದಾಗ ನಿನ್ನ ಜಡೆ ನೀನೇ ಬಿಗಿದುಕೊಂಡು ತಲೆನೋವು ಎಂದು ಅಳುತ್ತಿದ್ದೆ.

ಇನ್ನೊಂದು. ಟಿಕ್ ಬಗ್ಗೆ ಕೇಳಿದ್ದೆ. ಎರಡು ಪುಟ ಬರೆದವಳು ಅದಕ್ಕೆ ಮಾತ್ರ ಉತ್ತರ ಬರೆದಿಲ್ಲ. ನನಗೆ ಓದಲು ಬರುತ್ತದೆ, ಬರೆಯದೇ ಬಿಟ್ಟದ್ದನ್ನೂ ಓದುತ್ತೇನೆ.

ಅಕ್ಕ

ಮಾರ್ಚ್ 19

ಅಕ್ಕ,

ಸೋಮಾರಿ ಮೊನ್ನೆ ಕ್ರೇಟನ್ನು ಮೇಲೆತ್ತಿದ್ದಾಗಲೇ ಕೈಬಿಟ್ಟಿತು. ಜಾಡಿಗಳು ಪುಡಿಪುಡಿ. ಯಾರಿಗೂ ಏನೂ ಆಗಿಲ್ಲ. ಕಾರ್ಖಾನೆಯವರು ನಾಲ್ಕೂ ತೋಳುಗಳನ್ನು ವಾಪಸ್ ಕಳಿಸುತ್ತೇವೆ ಎಂದು ಕುಣಿಯುತ್ತಿದ್ದಾರೆ. ನಮ್ಮ ಮ್ಯಾನೇಜರ್ ಏಪ್ರಿಲ್ ಹದಿನಾಲ್ಕಕ್ಕೆ ಇಲ್ಲಿಗೆ ಬರುತ್ತಾರಂತೆ. ದೋಷ ಕೇಬಲ್ಲಿನದಾದರೆ ಮಾಡಿದವರು ಮನೆಗೆ, ಜೋಡಣೆಯದಾದರೆ ಜೋಡಿಸಿದವರು ಮನೆಗೆ. ಅಂದರೆ ನೀನು ಇಲ್ಲವೇ ನಾನು.

ಹಾಗಾಗಿ ಒಂದು ತಂತಿಯ ಸಿಪ್ಪೆಯನ್ನು ಉದ್ದಕ್ಕೂ ಸೀಳಿ ನೋಡಿದೆ. ತಾಮ್ರ ತಾಮ್ರದ ಬಣ್ಣದಲ್ಲಿಲ್ಲ, ಬೆಳ್ಳಗೆ ಹೊಳೆಯುತ್ತಿದೆ. ಟರ್ಮಿನಲ್ಲಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಹನಿ. ಬೆಸುಗೆ! ಬೆಸುಗೆ ಮುಗಿಯುವ ಜಾಗದಲ್ಲಿ ಸರಿಯಾಗಿ ತಂತಿ ತುಂಡಾಗಿದೆ. ನೀನೇ ನನಗೆ ಬತ್ತಿ, ಎಣ್ಣೆ ಎಂದು ಪಾಠ ಹೇಳಿದವಳು. ಪಾಠ ನನಗೆ, ಬೆಸುಗೆ ನಿನಗೆ. ಯಾಕೆ ಮಾಡಿದೆ? ನಿನ್ನ ಕ್ರಿಂಪ್ ಮೇಲೆ ನಿನಗೇ ನಂಬಿಕೆ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತು.

ಮಾರ್ಚ್ 25

ಚಿನಕುರಳಿಗೆ,

ನಿನ್ನ ಅಕ್ಷರ ನೋಡಿದೆ. ಕೋಳಿ ಕೆದರಿದ ಹಾಗಿದೆ. ಅಷ್ಟು ಸಿಟ್ಟಿನಲ್ಲಿ ಪೆನ್ನು ಹಿಡಿಯಬಾರದು. ಕೆಳಗೆ ಹೆಸರು ಬರೆಯಲೂ ನಿನಗೆ ಪುರಸೊತ್ತಾಗಲಿಲ್ಲ.

ನನ್ನ ಬೆಂಚಿನ ಮೇಲೆ ಸೋಲ್ಡರಿಂಗ್ ಐರನ್ನೇ ಇಲ್ಲ. ಇಡೀ ಕೋಣೆಯಲ್ಲಿ ಇಲ್ಲ, ಇಟ್ಟುಕೊಳ್ಳಲು ಬಿಡುವುದೂ ಇಲ್ಲ. ನಮ್ಮ ಮನೆಯಲ್ಲಿದ್ದ ಒಂದನ್ನು ಅಪ್ಪ ನಿನ್ನ ಕೈಗೆ ಕೊಟ್ಟು ಕಳಿಸಿದರು. ಹಾಗಾದರೆ ಐರನ್ ಯಾರ ಹತ್ತಿರ ಇದೆ? ರಾಳ ಯಾರ ಹತ್ತಿರ ಇದೆ? ಕ್ರಿಂಪ್ ಮೇಲೆ ಮೊದಲಿಂದಲೂ ಗುಮಾನಿ ಎಂದು ಬರೆದವರು ಯಾರು? ನೀನು ಅಲ್ಲಿ ಕನೆಕ್ಟರಿನ ಹೊರಕವಚದ ಶೆಲ್ ಬಿಚ್ಚಿ, ಗಟ್ಟಿಯಾಗಲಿ ಎಂದು ಬೆಸೆದಿದ್ದೀಯ. ಅದು ಮುರಿದಾಗ ನನ್ನ ತಲೆಗೆ ಕಟ್ಟುತ್ತಿದ್ದೀಯ. ಹೀಗಲ್ಲ ಎಂದು ಆಣೆ ಮಾಡಿ ಹೇಳಿದರೂ ಈಗ ನಂಬುವುದು ಕಷ್ಟ.

ಆದ್ದರಿಂದ ಒಂದು ಕೆಲಸ ಮಾಡಿದ್ದೇನೆ. ಈ ಪೆಟ್ಟಿಗೆಯಲ್ಲಿರುವ ಕೇಬಲ್‌ಗಳ ಪ್ರತಿ ಶೆಲ್ಲಿನ ಸಂದಿಗೂ ನನ್ನ ಕೆಂಪು ಉಗುರುಬಣ್ಣ ಹಚ್ಚಿದ್ದೇನೆ. ಬಿಚ್ಚಿದರೆ ಬಣ್ಣ ಬಿರುಕು ಬಿಡುತ್ತದೆ. ಬಿಚ್ಚದೆ ಹಾಗೇ ಹಾಕು. ಮ್ಯಾನೇಜರ್ ಬಂದಾಗ ಅವರೆದುರು ಬಿಚ್ಚೋಣ. ಆಗ ಯಾರ ಬಣ್ಣ ಬಯಲಾಗುತ್ತದೋ ನೋಡೋಣ.

ಅಕ್ಕ

ಏಪ್ರಿಲ್ 2

ಅಕ್ಕ,

ಮ್ಯಾನೇಜರ್ ಬರುವವರೆಗೆ ಕಾಯಲಿಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡೆ. ಬಣ್ಣ ಎಲ್ಲೂ ಬಿರುಕು ಬಿಟ್ಟಿಲ್ಲ ಎಂದು ಅವರ ಬಾಯಲ್ಲೇ ಹೇಳಿಸಿದೆ. ಆಮೇಲೆ ಅವರ ಕೈಯಲ್ಲೇ ಬಿಚ್ಚಿಸಿದೆ.

ಒಳಗೆ ಬೆಸುಗೆ ಇತ್ತು. ಪ್ರತಿಯೊಂದರ ಬುಡದಲ್ಲೂ ಇತ್ತು.

ಎಲೆಕ್ಟ್ರಿಷಿಯನ್ ಮೂಸಿ ನೋಡಿ ನನ್ನ ಡಬ್ಬಿಯ ರಾಳದ್ದೇ ವಾಸನೆ ಅಂದರು. ನನಗೂ ಹಾಗೇ ಅನ್ನಿಸಿತು. ನನ್ನ ರಾಳದ ವಾಸನೆಯನ್ನೂ ಹೊಂದಿಸಿದ್ದೀಯಲ್ಲ, ಮೆಚ್ಚಿದೆ. ಬಿಚ್ಚಿದ ತುಂಡುಗಳನ್ನೂ, ಮುಂಚೆ ಮುರಿದವನ್ನೂ ಈ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ಅರ್ಧ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಹದಿನಾಲ್ಕರವರೆಗೆ ನಿನಗೆ ಸಮಯ ಇದೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಇರುವುದಿಲ್ಲ.

ಏಪ್ರಿಲ್ 9

ಚಿನಕುರಳಿ,

ನಿಂತುಕೊಂಡು ಓದಬೇಡ, ಕೂತು ಓದು.

ನೀನು ಕಳಿಸಿದ ತುಂಡುಗಳನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದೆ. ನನ್ನ ಬಣ್ಣ ಬಿರುಕು ಬಿಡದೆ ಒಳಗೆ ಬೆಸುಗೆ ಹೇಗೆ ಹೊಕ್ಕಿತು ಎಂದು ತಲೆ ಕೆಟ್ಟುಹೋಗಿತ್ತು. ನೀನು ಅದೇ ಉಗುರುಬಣ್ಣ ಕೊಂಡು ಮತ್ತೆ ಹಚ್ಚಿರಬೇಕು ಎಂಬಲ್ಲಿಯವರೆಗೂ ಯೋಚಿಸಿಬಿಟ್ಟಿದ್ದೆ. ಅಷ್ಟರಲ್ಲಿ ಅಪ್ಪ ಹಿಂದಿನಿಂದ ಬಂದು ಒಂದು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಅರಳಿತು.

"ನಾನು ಹಾಕಿದ್ದು ಹಿಡ್ಕೊಂಡೇ ಇದೆಯಲ್ಲೇ," ಅಂದರು. "ತಂತಿ ಯಾಕೆ ತುಂಡಾಯ್ತು?"

ಪರೀಕ್ಷೆ ಮಾಡಲು ನಾವೇ ಮುರಿದದ್ದು ಎಂದುಬಿಟ್ಟೆ. ಅವರು ನಂಬಿದರು, ಉಳಿದದ್ದನ್ನೆಲ್ಲ ತಾವಾಗಿಯೇ ಹೇಳಿ ಖುಷಿಯಾಗಿ ಹೋದರು.

ಈಗ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಆರ್ಡರು ಹೆಚ್ಚಾದಾಗಿನಿಂದ ನಿನ್ನ ಕಾರ್ಖಾನೆಯ ಕೇಬಲ್‌ಗಳನ್ನು ಮನೆಗೆ ತರುತ್ತಿದ್ದೆ. ಬೆಂಚಿನಲ್ಲಿ ಕ್ರಿಂಪ್ ಮಾಡಿ ಎಳೆದು ನೋಡುವುದು ನಾನು. ಮನೆಯಲ್ಲಿ ಆ ಟರ್ಮಿನಲ್‌ಗಳನ್ನು ಶೆಲ್ಲಿಗೆ ತೂರಿಸಿ ಮುಚ್ಚುವುದು ಅಪ್ಪ. ಹೊರಗಿನ ಕೈ ಕೇಬಲ್ ಮುಟ್ಟಬಾರದು ಎಂಬ ನಿಯಮ ನನಗೆ ಚೆನ್ನಾಗಿ ಗೊತ್ತು. ರೇಡಿಯೋ ಅಂಗಡಿ ಮುಚ್ಚಿದ ಮೇಲೆ ಅವರು ಗೋಡೆ ನೋಡುತ್ತಾ ಕೂರುತ್ತಿದ್ದುದು ನಿನಗೆ ಗೊತ್ತಿಲ್ಲ, ನೀನು ಆಗಲೇ ಹೊರಟುಹೋಗಿದ್ದೆ. ಕೈಗೆ ತಂತಿ ಸಿಕ್ಕ ದಿನ ಅವರು ಎರಡು ತುತ್ತು ಹೆಚ್ಚು ಉಂಡರು. ಆಮೇಲೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಅಟ್ಟದ ಟ್ರಂಕಿನಲ್ಲಿ ಅವರ ಹಳೇ ಐರನ್ ಇತ್ತಂತೆ, ಮರದ ಹಿಡಿಯದ್ದು. ನಿನ್ನ ಮೊದಲ ಕಾಗದ ಓದಿದ ಮರುದಿನವೇ ಅದನ್ನು ಇಳಿಸಿದ್ದಾರೆ. ನಾನು ಕೆಲಸಕ್ಕೆ ಹೋದ ಮೇಲೆ, ಶೆಲ್ ಮುಚ್ಚುವ ಮುಂಚೆ, ಪ್ರತಿ ಟರ್ಮಿನಲ್ಲಿಗೂ ಒಂದೊಂದು ಹನಿ. ಮಗಳ ತಲೆಯ ಮೇಲೆ ಕ್ರೇಟು ಬೀಳಬಾರದಲ್ಲ. ನನಗೆ ಹೇಳಿದರೆ ನನ್ನ ಕೆಲಸವನ್ನು ಅನುಮಾನಿಸಿದಂತಾಗುತ್ತದೆ ಎಂದು ಹೇಳಲಿಲ್ಲವಂತೆ. ಮನೆಯಲ್ಲಿ ರಾಳದ ವಾಸನೆ ಬರಲಿಲ್ಲವೇ ಎಂದು ನೀನು ಕೇಳಬಹುದು. ಹುಟ್ಟಿದಾಗಿನಿಂದ ನಮ್ಮ ಮನೆಯ ವಾಸನೆಯೇ ಅದು, ನನ್ನ ಮೂಗಿಗೆ ಹತ್ತಲೇ ಇಲ್ಲ.

ನಾನು ಹಚ್ಚಿದ ಉಗುರುಬಣ್ಣ ಅಪ್ಪನ ಬೆಸುಗೆಯನ್ನು ಭದ್ರವಾಗಿ ಮುಚ್ಚಿ ನಿನ್ನ ಹತ್ತಿರ ಕಳಿಸಿತು. ನಿನ್ನನ್ನು ಕಳ್ಳಿಯ ಹಾಗೆ ನೋಡಿದೆ. ತಪ್ಪಾಯಿತು ಕಣೇ. ಮ್ಯಾನೇಜರಿಗೆ ನನ್ನ ಹೆಸರು ಹೇಳು. ಅಪ್ಪನ ಹೆಸರು ಬೇಡ.

ಅಕ್ಕ

ಏಪ್ರಿಲ್ 16

ಅಕ್ಕಾ,

ನಿನ್ನ ಕಾಗದ ಹದಿಮೂರನೇ ತಾರೀಖು ಸಿಕ್ಕಿತು. ಕೂತೇ ಓದಿದೆ. ಅಪ್ಪನ ಮಾತು ಬಂದಲ್ಲಿ ಅಳು ಬಂತು, ಆಮೇಲೆ ನಗು ಬಂತು, ಆಮೇಲೆ ಮತ್ತೆ ಅಳು.

ಟಿಕ್ ಅನ್ನಿಸಿರಲಿಲ್ಲ. ಮೊದಲ ಸಲ ಸೋಮಾರಿ ನಿಂತಾಗ ಕನೆಕ್ಟರ್ ಅರ್ಧ ಮಾತ್ರ ಒಳಗೆ ಹೋಗಿತ್ತು. ಕಿತ್ತಾಗಲೇ ಗೊತ್ತಾಯಿತು. ಈ ಕಾರ್ಖಾನೆಗೆ ಬಂದು ವಾರವಾಗಿರಲಿಲ್ಲ, ಎಲ್ಲರೂ ನಿಂತು ನೋಡುತ್ತಿದ್ದರು. ಅಕ್ಕನ ಕ್ರಿಂಪಿನ ಮೇಲೆ ಗೂಬೆ ಕೂರಿಸುವುದು ಸುಲಭವಾಗಿ ಕಂಡಿತು, ಕೂರಿಸಿದೆ. ತಮಾಷೆಗೆ ಬರೆದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ತಮಾಷೆಯನ್ನು ಅಪ್ಪ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ ಎಂದು ಯಾರಿಗೆ ಗೊತ್ತು? ನಿನ್ನ ಕ್ರಿಂಪು ಒಂದು ದಿನವೂ ಕೈಬಿಟ್ಟಿಲ್ಲ ಅಕ್ಕಾ. ಮುರಿದ ತುಂಡುಗಳಲ್ಲೂ ಬಿಟ್ಟಿಲ್ಲ.

ಮ್ಯಾನೇಜರ್ ಬಂದಾಗ ಇದನ್ನೇ ಹೇಳಿದೆ. ಮೊದಲ ದೋಷ ನನ್ನದು, ಅದನ್ನು ಮುಚ್ಚಿಟ್ಟವಳೂ ನಾನು ಎಂದೆ. ಬೆಸುಗೆಯ ತುಂಡುಗಳನ್ನು ಎದುರಿಗಿಟ್ಟೆ, ಯಾರು ಹಾಕಿದ್ದು ಎಂದು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕೋ ಬೇಡವೋ ನಿನಗೇ ಬಿಟ್ಟದ್ದು.

ಇನ್ನೊಂದು ಮುಚ್ಚಿಟ್ಟಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದದ್ದು ಸಿಟ್ಟಿನಿಂದಲ್ಲ. ಕ್ರೇಟು ಬಿದ್ದ ದಿನ ಗಾಜು ಬಲಗೈಯ ಅಂಗೈಗೆ ಹೊಕ್ಕಿತು. ಹೊಲಿಗೆ ಹಾಕಿದ್ದಾರೆ. ಆವತ್ತಿನಿಂದ ಎಡಗೈಯಲ್ಲೇ ಬರೆಯುತ್ತಿದ್ದೇನೆ, ಇದನ್ನೂ. ಬೆರಳು ಆಡುತ್ತವೆ, ಹೆದರಬೇಡ. ಅಪ್ಪನಿಗೆ ಮಾತ್ರ ಹೇಳಬೇಡ, ನನ್ನ ಮೇಲೆ ಆಣೆ.

ಚಿನಕುರಳಿ

ಏಪ್ರಿಲ್ 27

ಚಿನಕುರಳಿಗೆ,

ಹೇಳಿಬಿಟ್ಟೆ. ಬೈದುಕೋ. ಈ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕಾಪಾಡಲು ಹೋಗಿ ನಿನ್ನ ಕೈಗೆ ಗಾಜು ಹೊಕ್ಕಿದ್ದು ಸಾಕು.

ಮೊದಲು ಕೆಲಸದ ಮಾತು. ಮ್ಯಾನೇಜರ್ ಊರಿಗೆ ಮರಳಿದ ದಿನವೇ ಹೋಗಿ, ಕೇಬಲ್ ಮನೆಗೆ ಒಯ್ದದ್ದು ನಾನು, ಅಪ್ಪನ ಕೈಗೆ ಕೊಟ್ಟದ್ದೂ ನಾನು ಎಂದೆ. ಹೆಸರು ಮುಚ್ಚಿಡಲು ಆಗಲಿಲ್ಲ, ಮುಚ್ಚಿಟ್ಟರೆ ಮತ್ತೆ ಅದೇ ಕಥೆ. ಅವರು ಹಣೆ ಒತ್ತಿಕೊಂಡರು. "ತಪ್ಪು ಯಾರದು ಅಂದ್ರೆ ಅಕ್ಕ ತಂಗಿ ಇಬ್ಬರೂ ನನ್ನದು ನನ್ನದು ಅಂತೀರಲ್ಲಮ್ಮ, ನಾನು ಯಾರದ್ದು ಅಂತ ಬರ್ಕೊಳ್ಳಲಿ?" ಅಂದರು. ಕೊನೆಗೆ ಬರೆದುಕೊಂಡದ್ದು ನನ್ನದೇ. ಮನೆಗೆ ಕಳಿಸಲಿಲ್ಲ, ಆದರೆ ಬೆಂಚಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ್ದಾರೆ. ಯಾವಾಗ ವಾಪಸ್ ಎಂದು ಹೇಳಿಲ್ಲ. ನನ್ನ ಜಾಗದಲ್ಲಿ ಬೇರೆಯವರು ಕೂತು ನನ್ನ ಇಕ್ಕಳ ಹಿಡಿದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿನ್ನ ನಾಲ್ಕೂ ತೋಳಿಗೆ ಹೊಸ ಕೇಬಲ್ ಈ ಪೆಟ್ಟಿಗೆಯಲ್ಲಿವೆ. ಅವನ್ನು ಮಾಡಿದ್ದು ನಾನಲ್ಲ, ಪೆಟ್ಟಿಗೆಗೆ ತುಂಬಿದ್ದು ಮಾತ್ರ ನಾನು.

ಅಪ್ಪನಿಗೆ ಹೇಳಿದಾಗ ಅವರು ಒಂದು ತುಂಡು ತಂತಿಯನ್ನು ಹಿಡಿದು ಬಹಳ ಹೊತ್ತು ಹಿಂದೆ ಮುಂದೆ ಬಾಗಿಸಿದರು. ಅದು ಅವರ ಕೈಯಲ್ಲೇ ತುಂಡಾಯಿತು, ಬೆಸುಗೆ ಮುಗಿದ ಜಾಗದಲ್ಲೇ. ಆಮೇಲೆ ಐರನ್ನಿಗೆ ವೈರು ಸುತ್ತಿ ಟ್ರಂಕಿಗೆ ಹಾಕಿದರು. ರಾತ್ರಿ ಊಟಕ್ಕೆ ಏಳಲಿಲ್ಲ. ನಾನು ಎರಡು ಸಲ ಕರೆದೆ, ಕಿವಿ ಕೇಳದವರ ಹಾಗೆ ಕೂತರು. ಕೇಳಿತ್ತು ಎಂದು ನನಗೆ ಗೊತ್ತು.

ಮರುದಿನ ಬೆಳಗ್ಗೆ ತಾವಾಗಿಯೇ ಬಂದು, "ಆ ಇಕ್ಕಳ ಹಿಡಿಯೋದು ಹೇಗೆ, ತೋರಿಸು" ಅಂದರು. ನನ್ನದೇ ಒಂದು ಹಳೆಯದಿತ್ತು. ಒಂದು ಕೈಯಲ್ಲಿ ಒತ್ತಲು ಶಕ್ತಿ ಸಾಲದು, ಎರಡೂ ಕೈ ಹಾಕುತ್ತಾರೆ. ಮೊದಮೊದಲು ಎಲ್ಲ ಸೊಟ್ಟ. ಒಂದರಲ್ಲಿ ತಾಮ್ರದ ಬದಲು ಸಿಪ್ಪೆಯನ್ನೇ ಒತ್ತಿದರು. ನಾನು ಬೈದೆ. ಚಿಕ್ಕಂದಿನಲ್ಲಿ ಅವರು ನನ್ನನ್ನು ಬೈಯುತ್ತಿದ್ದ ಮಾತುಗಳಲ್ಲೇ ಬೈದೆ, ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಿನ್ನೆ ಒಂದು ಸರಿಯಾಗಿ ಬಂತು. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಮೈಭಾರ ಬಿಟ್ಟು ಎಳೆದರು. ಬಿಡಲಿಲ್ಲ. ಸರಳು ಹಿಡಿದುಕೊಂಡು ನಿಂತಲ್ಲೇ ಅತ್ತರು, ನಿನ್ನ ಕೈ ಯಾವ ಕೈ, ಎಷ್ಟು ಹೊಲಿಗೆ ಎಂದು ಕೇಳುತ್ತಾ.

ಅಂಥದ್ದೇ ಇನ್ನೊಂದು ಮಾಡಿದ್ದಾರೆ. ಗೇಣುದ್ದದ ತಂತಿ, ಎರಡೂ ತುದಿಗೆ ಟರ್ಮಿನಲ್. ಈ ಸಲ ಹೊದಿಸಿದ ಟವೆಲ್ಲಿನ ಮಡಿಕೆಯಲ್ಲಿದೆ. ಮಿಷನ್ನಿಗೆ ಹಾಕಬೇಡ, ನಿಯಮ ನಿಯಮವೇ. ಅವಳಿಗೆ ಎಳೆದು ನೋಡಲು ಹೇಳು ಎಂದು ಎರಡು ಸಲ ನೆನಪಿಸಿದ್ದಾರೆ. ಈ ಕಾಗದವನ್ನು ಅವರಿಗೆ ಓದಲು ಕೊಟ್ಟೇ ಕಳಿಸುತ್ತಿದ್ದೇನೆ.

ಅಕ್ಕ

ಮೇ 6

ಅಪ್ಪನಿಗೆ, ಅಕ್ಕನಿಗೆ,

ಹೊಲಿಗೆ ಬಿಚ್ಚಿದರು. ಅಕ್ಷರ ನೋಡಿ, ಬಲಗೈಯದು.

ಹೊಸ ಕೇಬಲ್ ಹಾಕಿದೆ. ಪ್ರತಿ ಕನೆಕ್ಟರನ್ನೂ ಟಿಕ್ ಅನ್ನಿಸಿ, ಆ ಸದ್ದನ್ನು ಎಲೆಕ್ಟ್ರಿಷಿಯನ್ನರಿಗೂ ಕೇಳಿಸಿದೆ. ಅವರಿಗೆ ಈಗ ನನ್ನ ಮೇಲೆ ನಂಬಿಕೆ ಇಲ್ಲ, ಪಕ್ಕದಲ್ಲೇ ನಿಂತಿರುತ್ತಾರೆ. ಅವರದೇನೂ ತಪ್ಪಿಲ್ಲ. ಸೋಮಾರಿ ನಾಲ್ಕು ದಿನದಿಂದ ನಿಂತಿಲ್ಲ. ನಾನು ಮಾತ್ರ ಅದು ಮೊಣಕೈ ಮಡಚಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತೇನೆ. ಅಕ್ಕಾ, ಬೆಂಚಿಗೆ ನಿನ್ನನ್ನೇ ವಾಪಸ್ ಕೂರಿಸಿ ಎಂದು ಮ್ಯಾನೇಜರಿಗೆ ಬರೆದಿದ್ದೇನೆ. ನನ್ನ ಮಾತಿಗೆ ಅಲ್ಲಿ ಎಷ್ಟು ಬೆಲೆಯೋ ಗೊತ್ತಿಲ್ಲ, ಆದರೂ ಬರೆದೆ.

ಅಪ್ಪ, ನಿಮ್ಮ ತಂತಿ ಸೇರಿತು. ನನ್ನ ಕೋಣೆಯ ಬೀಗದ ಕೈಯನ್ನು ಅದಕ್ಕೇ ಕಟ್ಟಿಕೊಂಡಿದ್ದೇನೆ. ಎಳೆದು ನೋಡು ಅಂದಿದ್ದಿರಂತೆ. ಎಳೆದು ನೋಡಲಿಲ್ಲ. ರಾಳದ ವಾಸನೆ ಇದೆಯೇ ಎಂದು ಮೂಸಿ ಮಾತ್ರ ನೋಡಿದೆ.

ನಿಮ್ಮ ಚಿನಕುರಳಿ